ಒರಳು ಕಲ್ಲು ಹೊತ್ತ ಮನೆಗಾಡಿ

ಒಂದು ಮಾತನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಅರಸೀಕೆರೆಯಲ್ಲಿ ಲಾರಿಗಳಿಗೆ ಬಾಡಿ ಕಟ್ಟುವ ಕೆಲಸದಲ್ಲಿ ತಲೆ ಬೆಳ್ಳಗೆ ಮಾಡಿಕೊಂಡವನು ನಾನು. ನಾನು ಮರ ಕೊಯ್ದು, ಪಟ್ಟಿ ಬಿಗಿದು, ಬಣ್ಣ ಹೊಡೆಸಿ ಕಳಿಸಿದ ಲಾರಿಗಳು ಕೊಬ್ಬರಿ ಹೊತ್ತು ಬೊಂಬಾಯಿ ನೋಡಿವೆ, ದೆಹಲಿ ನೋಡಿವೆ. ನಾನು ಮಾತ್ರ ಬೇಲೂರು ನೋಡಿರಲಿಲ್ಲ. ಅರಸೀಕೆರೆಗೂ ಬೇಲೂರಿಗೂ ಎಷ್ಟು ದೂರ ಎಂದು ದಯವಿಟ್ಟು ಕೇಳಬೇಡಿ. ಬೆಳಗಿನ ಬಸ್ಸಿಗೆ ಹೋದವರು ಸಂಜೆಗೆ ವಾಪಸ್ಸು ಬಂದು ಹಸು ಕರೆಯುತ್ತಾರೆ.

ಇದರಲ್ಲಿ ನನ್ನೊಬ್ಬನ ಮಾನ ಹೋಗುವುದಾಗಿದ್ದರೆ ಸುಮ್ಮನಿರುತ್ತಿದ್ದೆ. ಮದುವೆಯಾದ ಹೊಸತರಲ್ಲಿ, ಕಣಕಟ್ಟೆಯ ಮಾವನ ಮನೆಯ ಜಗಲಿಯಲ್ಲಿ ಕೂತು, ಹೋಳಿಗೆ ತಿಂದ ಖುಷಿಯಲ್ಲಿ, ಹೆಂಡತಿ ಗಂಗಮ್ಮನಿಗೆ ಮಾತು ಕೊಟ್ಟಿದ್ದೆ: "ಈ ಬ್ಯಾಸಿಗೇಲೇ ನಿನಗೆ ಹಳೇಬೀಡು, ಬೇಲೂರು ಎರಡೂ ತೋರಿಸ್ತೀನಿ." ಆ ಬೇಸಿಗೆ ಹೋಯಿತು. ಅದರ ಹಿಂದೆ ಇಪ್ಪತ್ತು ಬೇಸಿಗೆ ಹೋದವು. ಮೊದಮೊದಲು ನನಗೆ ಪುರಸೊತ್ತಿರಲಿಲ್ಲ. ಐದನೇ ಕ್ಲಾಸಿಗೇ ಶಾಲೆ ಬಿಟ್ಟು ಉಳಿ ಹಿಡಿದವನು; ಒಂದು ದಿನ ಶೆಡ್ಡಿಗೆ ಹೋಗದಿದ್ದರೆ ಊರಿನ ಲಾರಿಗಳೆಲ್ಲ ಮೈಯಿಲ್ಲದೆ ನಿಂತುಬಿಡುತ್ತವೆ ಎಂದು ನಂಬಿದ್ದೆ. ನನಗೆ ಪುರಸೊತ್ತಾಗುವ ಹೊತ್ತಿಗೆ ಗಂಗಮ್ಮ ಮಠದ ಸ್ವಾಮಿಗಳಿಂದ ದೀಕ್ಷೆ ತೆಗೆದುಕೊಂಡಿದ್ದಳು. ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ತಾನೇ ತಂದ ನೀರಿನಲ್ಲಿ ಆಗಲೇ ಬೇಯಿಸಿದ್ದನ್ನು ಮಾತ್ರ ಉಣ್ಣುವುದು. ಹೋಟೆಲು ಬೇಡ, ಛತ್ರ ಬೇಡ, ಹಿಂದಿನ ದಿನ ಕಟ್ಟಿದ ಬುತ್ತಿಯೂ ಬೇಡ.

"ಹಂಗಾದ್ರೆ ನೀನು ಮನೆ ಬಿಟ್ಟು ಬರೋ ಹಂಗೇ ಇಲ್ಲ ಅನ್ನು" ಎಂದೆ ಒಂದು ದಿನ.

"ಮನೇನೇ ಜೊತೇಲಿ ಬಂದ್ರೆ ಬತ್ತೀನಿ" ಎಂದಳು, ಅಕ್ಕಿ ಆರಿಸುತ್ತಾ, ತಲೆ ಎತ್ತದೆ. ಹಾಸ್ಯಕ್ಕೆ ಹೇಳಿದಳೋ ಹಂಗಿಸಿ ಹೇಳಿದಳೋ ಆಗ ಗೊತ್ತಾಗಲಿಲ್ಲ. ಮದುವೆಯಾದ ಗಂಡಸರಿಗೆ ಇಂಥವು ಗೊತ್ತಾಗಲು ಸಾಮಾನ್ಯವಾಗಿ ತಡವಾಗುತ್ತದೆ.

ಮನೆ ಜೊತೆಯಲ್ಲಿ ಬರಬಹುದು ಎಂದು ನನಗೆ ತೋರಿಸಿಕೊಟ್ಟವರು ಪರದೇಶದವರು. ಎಪ್ಪತ್ತರ ದಶಕ ಮುಗಿಯುತ್ತಾ ಬಂದ ಕಾಲ. ಒಂದು ಮಧ್ಯಾಹ್ನ ನಮ್ಮ ಶೆಡ್ಡಿನ ಮುಂದೆ ಕೆಂಪು ಧೂಳು ಮೆತ್ತಿದ ಒಂದು ವ್ಯಾನು ಬಂದು ನಿಂತಿತು. ಗಂಡ, ಹೆಂಡತಿ, ಇಬ್ಬರೇ. ತಮ್ಮ ದೇಶದಿಂದ ರಸ್ತೆಯ ಮೇಲೇ ಬಂದವರಂತೆ. ಪಕ್ಕದ ಬಾಗಿಲಿನ ಕೀಲು ಮುರಿದು, ಬಾಗಿಲನ್ನು ಹಗ್ಗದಲ್ಲಿ ಕಟ್ಟಿಕೊಂಡಿದ್ದರು. ಹಗ್ಗ ಬಿಚ್ಚಿ ಒಳಗೆ ನೋಡಿದ ನನ್ನ ಜೊತೆಗಾರ, ವೆಲ್ಡಿಂಗ್ ಇಸ್ಮಾಯಿಲ್ ಸಾಬರು, ಹಿಂದಕ್ಕೆ ಎರಡು ಹೆಜ್ಜೆ ಇಟ್ಟರು.

"ಏನ್ಲಾ ಮೇಸ್ತ್ರಿ, ಇದು ಗಾಡಿ ಅಲ್ಲ ಕಣ್ಲಾ, ಸಂಸಾರ! ಮಂಚ ಐತೆ, ಒಲೆ ಐತೆ, ಗೋಡೆಗೆ ಕ್ಯಾಲೆಂಡರ್ ಬ್ಯಾರೆ ಹೊಡ್ದವ್ರೆ!"

ನಿಜ. ಹಗಲು ಬೆಂಚಾಗಿದ್ದದ್ದು, ರಾತ್ರಿ ಮಡಿಸಿದ ಹಲಗೆ ಬಿಡಿಸಿದರೆ ಮಂಚವಾಗುತ್ತಿತ್ತು. ಬೆಂಚಿನ ಹೊಟ್ಟೆಯಲ್ಲಿ ಬಟ್ಟೆ, ತಲೆಯ ಮೇಲೆ ಕಪಾಟು, ಕಪಾಟಿನ ಅಂಚಿಗೆ ಪಾತ್ರೆ ಉರುಳದ ಹಾಗೆ ಎರಡು ಬೆರಳೆತ್ತರದ ಪಟ್ಟಿ. ಆ ಪಟ್ಟಿಯ ಮೇಲೆ ನಾನು ಬಹಳ ಹೊತ್ತು ಕೈಯಾಡಿಸಿದೆ. ಒಳ್ಳೆಯ ಕೈಕೆಲಸ ಯಾವ ದೇಶದ್ದಾದರೂ ಬೆರಳಿಗೆ ಒಂದೇ ಭಾಷೆಯಲ್ಲಿ ಮಾತಾಡುತ್ತದೆ. ನಾನು ಓದಬಲ್ಲ ಇಂಗ್ಲಿಷು ಅಷ್ಟೇ.

ನಾನು ಕೀಲು ಕೂರಿಸುತ್ತಿದ್ದ ಹೊತ್ತಿನಲ್ಲಿ ಅವರ ಊಟವಾಯಿತು. ಆಮೇಲೆ ನಡೆದದ್ದನ್ನು ನಮ್ಮ ಶೆಡ್ಡಿನಲ್ಲಿ ತಿಂಗಳುಗಟ್ಟಲೆ ಆಡಿಕೊಂಡು ನಕ್ಕೆವು. ಹೆಂಡತಿ ಹೊಂಗೆ ಮರದ ನೆರಳಲ್ಲಿ ಕುರ್ಚಿ ಹಾಕಿಕೊಂಡು ನೋಟ್ ಪುಸ್ತಕದಲ್ಲಿ ಏನೋ ಬರೆಯುತ್ತಾ ಕೂತಳು. ಆರಡಿ ಎತ್ತರದ ಗಂಡ, ಗಡ್ಡ ಬಿಟ್ಟವನು, ಕುಕ್ಕರುಗಾಲಲ್ಲಿ ಕೂತು ಪಾತ್ರೆ ಬೆಳಗತೊಡಗಿದ. ಅದೂ ಹಾಡು ಹೇಳಿಕೊಂಡು!

"ಪಾಪ ಕಣೋ, ಹೆಂಡ್ತಿ ಮನೆ ಗಾಡಿ ಇರ್ಬೇಕು" ಎಂದರು ಇಸ್ಮಾಯಿಲ್ ಸಾಬರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ. ಇದನ್ನು ನೆನಪಿಟ್ಟುಕೊಳ್ಳಿ.

ಕೀಲಿನ ಕೆಲಸ ನೋಡಲು ನಿಂತಿದ್ದ ರೈಲ್ವೆ ಗುಮಾಸ್ತರೊಬ್ಬರಿಗೆ ಇಂಗ್ಲಿಷು ಬರುತ್ತಿತ್ತು. ಅವರ ಮೂಲಕ ಕೇಳಿಸಿದೆ: ದುಡ್ಡಿದ್ದವರ ಹಾಗೆ ಕಾಣುತ್ತೀರಿ, ಹೋಟೆಲಿನಲ್ಲಿ ಇಳಿದು ಆರಾಮವಾಗಿ ಊರು ನೋಡುವುದು ಬಿಟ್ಟು ಈ ಗೂಡನ್ನು ಯಾಕೆ ಎಳೆದುಕೊಂಡು ತಿರುಗುತ್ತೀರಿ? ಗಡ್ಡದವನು ಕೈ ಒರೆಸಿಕೊಂಡು, ಸ್ವಲ್ಪ ಯೋಚಿಸಿ ಹೇಳಿದ. ಗುಮಾಸ್ತರು ಕನ್ನಡ ಮಾಡಿದರು: "ಬೆಳಿಗ್ಗೆ ಎದ್ದಾಗ ನಾನು ಯಾವ ಊರಲ್ಲಿದೀನಿ ಅಂತ ನನಗೆ ಗೊತ್ತಿರಲ್ಲ. ಆದರೆ ಬೆಂಕಿಪೊಟ್ಟಣ ಎಲ್ಲಿದೆ ಅಂತ ಗೊತ್ತಿರತ್ತೆ."

ಈ ಮಾತು ನನ್ನ ತಲೆಯಲ್ಲಿ ಮೊಳೆಯ ಹಾಗೆ ಕೂತುಬಿಟ್ಟಿತು. ಯೋಚಿಸಿದರೆ ಇದೇನೂ ಪರದೇಶದವರ ಹೊಸ ಬುದ್ಧಿಯಲ್ಲ. ನಮ್ಮಜ್ಜ ನಂಟರ ಊರಿಗೆ ಹೊರಟರೆ ಕಮಾನು ಗಾಡಿಯಲ್ಲಿ ಹುಲ್ಲು ಹಾಸಿ, ಮೇಲೆ ಜಮಖಾನ ಹಾಸಿ, ಹಿಂದೆ ಹಸಿಬೆ ಚೀಲದಲ್ಲಿ ಹಿಟ್ಟು, ಬೆಲ್ಲ, ಒಂದು ಪಾತ್ರೆ ಕಟ್ಟುತ್ತಿದ್ದ. ಮೂರು ಕಲ್ಲು ಸಿಕ್ಕಲ್ಲಿ ಅಡಿಗೆಮನೆ, ಮರ ಸಿಕ್ಕಲ್ಲಿ ಪಡಸಾಲೆ. ಬೇಸಿಗೆಯಲ್ಲಿ ನಮ್ಮ ಹೊಲಗಳಿಗೆ ಬರುವ ಕುರುಬರು ಕತ್ತೆಯ ಮೇಲೆ ಸಂಸಾರ ಹೇರಿಕೊಂಡು ಬರುತ್ತಾರೆ. ಕೋಳಿ ಕೂಡ ಕತ್ತೆಯ ಬೆನ್ನ ಮೇಲೆ ಕೂತು ದೇಶ ನೋಡುತ್ತದೆ. ಇನ್ನು ನಮ್ಮ ಜನವೋ, ದೇವರನ್ನೇ ಕರಡಿಗೆಯಲ್ಲಿಟ್ಟು ಕೊರಳಿಗೆ ಕಟ್ಟಿಕೊಂಡು ಓಡಾಡುವವರು. ದೇವರಷ್ಟು ದೊಡ್ಡವನು ಜೊತೆಯಲ್ಲಿ ಬರುತ್ತಾನಂತೆ, ಒಂದು ಒಲೆ ಬರುವುದಿಲ್ಲವೇ?

ಹೀಗೆ ಹಟ ಹುಟ್ಟಿತು. ಗಂಗಮ್ಮನ ಮಾತಿಗೆ ಸರಿಯಾಗಿ ಮನೆಯನ್ನೇ ಜೊತೆಗೆ ಕಳಿಸುತ್ತೇನೆ ಎಂದುಕೊಂಡೆ. ಬಾಣಾವರದ ಕೊಬ್ಬರಿ ವ್ಯಾಪಾರಿಯೊಬ್ಬರ ಹಿತ್ತಿಲಲ್ಲಿ ಒಂದು ಹಳೆಯ ವ್ಯಾನು ಹುಣಸೆ ಮರದ ಕೆಳಗೆ ನಿಂತು ವರ್ಷಗಳಾಗಿದ್ದವು. ಅವರ ಲಾರಿಗೆ ಬಾಡಿ ಕಟ್ಟಿದ್ದಕ್ಕೆ ಬದಲಾಗಿ ಅದನ್ನೇ ಕೇಳಿ ತಂದೆ. ಅದರೊಳಗೆ ಕೋಳಿಗಳು ಸಂಸಾರ ಹೂಡಿದ್ದವು. ಡ್ರೈವರ್ ಸೀಟಿನ ಮೇಲೆ ಕಾವಿಗೆ ಕೂತಿದ್ದ ಹೇಂಟೆಯೊಂದು ಏಳಲು ಒಪ್ಪದೆ ಇಸ್ಮಾಯಿಲ್ ಸಾಬರ ಕೈ ಕುಕ್ಕಿತು. ನಮ್ಮ ಸೀಮೆಯಲ್ಲಿ ಮನೆಗಾಡಿ ಮಾಡಿಕೊಂಡವರಲ್ಲಿ ಆ ಕೋಳಿಗಳೇ ಮೊದಲಿಗರು ಎಂದು ನಾನು ಈಗಲೂ ಗೌರವದಿಂದ ಒಪ್ಪುತ್ತೇನೆ.

ಇಂಜಿನ್ನನ್ನು ತಿಳಿದವರು ನೋಡಿಕೊಂಡರು. ಮೈ ನನ್ನದು. ಬೆಳಿಗ್ಗೆ ಶೆಡ್ಡು ತೆರೆಯುವ ಮುಂಚೆ ಎರಡು ಗಂಟೆ, ಭಾನುವಾರ ಇಡೀ ದಿನ, ಹೀಗೆ ಆರು ತಿಂಗಳು ಕಟ್ಟಿದೆ. ಆದರೆ ನೋಡಿ, ಪರದೇಶದವನ ವ್ಯಾನನ್ನು ಕಣ್ಣಿನಲ್ಲಿ ಇಟ್ಟುಕೊಂಡು ಶುರು ಮಾಡಿದವನು, ಮುಗಿಸುವಾಗ ನಮ್ಮ ಮನೆಯನ್ನೇ ಕಟ್ಟಿಬಿಟ್ಟಿದ್ದೆ. ಬಾಗಿಲಿಗೆ ಹೊನ್ನೆ ಮರದ ಹೊಸಿಲು ಇಟ್ಟೆ. ಹೊಸಿಲಿಲ್ಲದ್ದು ಮನೆ ಹೇಗಾದೀತು? ಹತ್ತಿದವರೆಲ್ಲ ಒಂದು ಸಲ ಎಡವಲೇಬೇಕು. ಪೂಜೆಗೆ ಒಂದು ಗೂಡು ಮಾಡಿದೆ, ಕೂತವರ ಮುಖ ಪೂರ್ವಕ್ಕೆ ಬರುವ ಹಾಗೆ. ಅಡಿಗೆಗೆ ಹಿಂದುಗಡೆ ಎಡ ಮೂಲೆ ಕೊಟ್ಟು, ಮನೆಯ ಅಡಿಗೆಮನೆಯಲ್ಲಿ ಯಾವುದು ಎಲ್ಲಿದೆಯೋ ಗೇಣು ಹಾಕಿ ಅಳೆದು, ಅಲ್ಲಲ್ಲೇ ಇಟ್ಟೆ. ಸೀಮೆಎಣ್ಣೆ ಸ್ಟವ್ವು ಇಲ್ಲಿ, ಮಸಾಲೆ ಡಬ್ಬಿ ಅಲ್ಲಿ. ಕೊನೆಗೆ, ಚಟ್ನಿ ಇಲ್ಲದೆ ನನಗೆ ಊಟ ಇಳಿಯುವುದಿಲ್ಲವಾದ್ದರಿಂದ, ಒಂದು ಒರಳು ಕಲ್ಲನ್ನೂ ನೆಲಕ್ಕೆ ಬಿಗಿದೆ. ಗಾಡಿ ಎಡಕ್ಕೆ ವಾಲಿತು. ಸರಿದೂಗಿಸಲು ಬಲಕ್ಕೆ ನೀರಿನ ಡ್ರಮ್ಮು ಇಟ್ಟೆ. ನೀರು ಖರ್ಚಾದ ಹಾಗೆ ಗಾಡಿ ಮತ್ತೆ ವಾಲುತ್ತದೆ ಎಂಬುದು ಹೊಳೆಯಲಿಲ್ಲ.

ಎಲ್ಲ ಮುಗಿದ ದಿನ ಗಂಗಮ್ಮನನ್ನು ಕರೆದುಕೊಂಡು ಬಂದು ತೋರಿಸಿದೆ. ಹೊಸಿಲು ದಾಟಿ ಒಳಗೆ ಹೋದಳು, ಅಡಿಗೆ ಮೂಲೆಯಲ್ಲಿ ನಿಂತಳು, ಒರಳು ಕಲ್ಲನ್ನು ನೋಡಿದಳು.

"ಹೆಂಗೈತೆ?" ಎಂದೆ.

"ಮನೇಲಿ ಇದ್ದಂಗೇ ಐತೆ" ಎಂದಳು.

ಇಷ್ಟು ದೊಡ್ಡ ಹೊಗಳಿಕೆ ನನಗೆ ಯಾವ ಲಾರಿ ಮಾಲೀಕನಿಂದಲೂ ಸಿಕ್ಕಿರಲಿಲ್ಲ. ಮೀಸೆ ತಿರುವಿಕೊಂಡೆ.

ಬೇಸಿಗೆಯ ಒಂದು ಬೆಳಿಗ್ಗೆ ಹೊರಟೆವು. ಮಗಳು ಗಂಡನ ಮನೆಯಲ್ಲಿದ್ದಳು, ಮಗ ಹಾಸ್ಟೆಲಿನಲ್ಲಿದ್ದ. ಗಾಡಿಯಲ್ಲಿ ನಾನು, ಗಂಗಮ್ಮ, ಒರಳು ಕಲ್ಲು. ಜಾವಗಲ್ ದಾರಿ ಹಿಡಿದು, ಒಂದು ಹಳ್ಳಿಯ ಬಾವಿಯ ಹತ್ತಿರ ನೀರಿಗೆಂದು ನಿಲ್ಲಿಸಿದೆ. ನಿಮಿಷದಲ್ಲಿ ಕಟ್ಟೆಯ ಮೇಲಿದ್ದ ಗಂಡಸರೆಲ್ಲ ಎದ್ದು ತೋಟದೊಳಗೆ ಮಾಯವಾದರು. ಬಾವಿಕಟ್ಟೆಯ ಮುದುಕಿಯೊಬ್ಬಳು ಮಾತ್ರ ಕದಲದೆ ಗಂಗಮ್ಮನನ್ನು ಕೇಳಿದಳು:

"ಮಕ್ಕಳಾಗದಂಗೆ ಮಾಡೋ ಆಪರೇಸನ್ ವ್ಯಾನಾ ತಾಯಿ ಇದು? ನೀನು ನರ್ಸಮ್ಮನಾ?"

"ಅಲ್ಲ ಕಣವ್ವಾ, ನಮ್ಮ ಮನೆ ಇದು."

ಮುದುಕಿ ಗಾಡಿಯನ್ನು ಒಂದು ಸುತ್ತು ಹಾಕಿ ಬಂದು, ತೋಟದ ಕಡೆ ತಿರುಗಿ ಕೂಗಿದಳು: "ಬರ್ರೋ, ಹೆದರಬ್ಯಾಡ್ರೋ! ಇದು ಯಾರ್ದೋ ಮನೆಯಂತೆ. ಪಾಪ, ಜಾಗ ಇಲ್ದೆ ಚಕ್ರದ ಮ್ಯಾಲೆ ಕಟ್ಕಂಡವ್ರೆ!"

ಗಂಗಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಇಪ್ಪತ್ತು ವರ್ಷದಲ್ಲಿ ಅವಳು ಹಾಗೆ ನಕ್ಕಿದ್ದನ್ನು ನಾನು ನೋಡಿದ್ದು ಕಡಿಮೆ. ನೋಡಲು ನಾನು ಮನೆಯಲ್ಲಿ ಇದ್ದದ್ದೂ ಕಡಿಮೆ.

ಹಳೇಬೀಡಿನಲ್ಲಿ ಪದ್ಮರಾಜಯ್ಯನವರು ಎಂಬ ಜೈನ ವ್ಯಾಪಾರಿಗಳು ನನಗೆ ಪರಿಚಯ. ಅವರ ಲಾರಿಗೂ ಮೈ ನನ್ನದೇ. ಕೆರೆಯ ಕಡೆಗಿದ್ದ ಅವರ ಕಣದಲ್ಲಿ ಗಾಡಿ ನಿಲ್ಲಿಸಿಕೊಳ್ಳಲು ಹೇಳಿದರು. ದೇವಸ್ಥಾನದ ಗೋಡೆಯ ಮೇಲೆ ಆನೆ, ಕುದುರೆಗಳ ಸಾಲು ಸಾಲು ನಡೆಯುತ್ತಲೇ ಇರುವುದನ್ನು ಕತ್ತಲಾಗುವವರೆಗೆ ನೋಡಿದೆವು. ಆ ಕಲ್ಲಿನ ದಂಡಿಗೂ ಹಿಂದೆ ಎಲ್ಲೋ ಒಂದು ಒಲೆ ಗಾಡಿ ಬರುತ್ತಿದ್ದಿರಬೇಕು, ಶಿಲ್ಪಿ ಅದನ್ನು ಕೆತ್ತಲಿಲ್ಲ ಅಷ್ಟೇ ಎಂದುಕೊಂಡೆ.

ಮಾರನೆಯ ಬೆಳಿಗ್ಗೆ ಗಂಗಮ್ಮ ಸ್ನಾನ ಮಾಡಿ ಪೂಜೆಗೆ ಕೂರುವ ಹೊತ್ತಿಗೆ ನನ್ನ ತಪ್ಪು ಹೊಳೆಯಿತು. ಪೂಜೆಯ ಗೂಡು ಪೂರ್ವಕ್ಕಿದ್ದದ್ದು ನಮ್ಮ ಶೆಡ್ಡಿನಲ್ಲಿ. ಇಲ್ಲಿ ಗಾಡಿ ತಿರುಗಿ ನಿಂತು, ಅದರ ಮುಂದೆ ಕೂತವರ ಮುಖ ನೇರ ಪಶ್ಚಿಮಕ್ಕೆ ಬರುತ್ತಿತ್ತು. ಮನೆ ಕಟ್ಟುವ ಯಾವ ಮೇಸ್ತ್ರಿಗೂ ತನ್ನ ಮನೆ ಹಿಂದುಮುಂದಾಗಿ ನಿಲ್ಲಬಹುದು ಎಂಬ ಯೋಚನೆ ಬರುವುದಿಲ್ಲ ನೋಡಿ. ಇಂಜಿನ್ನು ಬೆಳಗಿನ ತಂಪಿಗೆ ಮುನಿಸಿಕೊಂಡಿತ್ತು. ಕಣದಲ್ಲಿದ್ದ ನಾಲ್ಕು ಜನ ಆಳುಗಳನ್ನು ಕರೆದು, "ತಳ್ರಪ್ಪಾ, ಇನ್ನೊಂದಿಷ್ಟು ಬಲಕ್ಕೆ" ಎಂದು ಬೆವರು ಸುರಿಸುತ್ತಿದ್ದೆ. ಪದ್ಮರಾಜಯ್ಯನವರು ಸೂರ್ಯನನ್ನೂ ಗಾಡಿಯನ್ನೂ ಬದಲಿಸಿ ಬದಲಿಸಿ ನೋಡುತ್ತಿದ್ದರು. ಅಷ್ಟರಲ್ಲಿ ಬಾಗಿಲು ತೆರೆಯಿತು. ಗಂಗಮ್ಮ, ಹಣೆಯ ತುಂಬ ವಿಭೂತಿ, ಪೂಜೆ ಮುಗಿಸಿ ನಿಂತಿದ್ದಳು.

"ಏನ್ರೀ ಮಾಡ್ತಾ ಇದೀರಿ?"

"ಗೂಡು ಪೂರ್ವಕ್ಕೆ ತಿರುಗಿಸ್ತಾ ಇದೀನಿ ಕಣೇ!"

"ಅಂಗೈಲಿ ಲಿಂಗ ಇಟ್ಕಂಡೋಳು ನಾನೇ ತಿರುಗಿ ಕೂತ್ರೆ ಆಗಲ್ವಾ? ಅದಕ್ಕೆ ಮನೇನೇ ತಿರುಗಿಸ್ಬೇಕಾ?"

ಆಳುಗಳು ಗಾಡಿ ಬಿಟ್ಟು ನಕ್ಕರು. ಪದ್ಮರಾಜಯ್ಯನವರು ಮಾತ್ರ ನಗಲಿಲ್ಲ. ಅವರು ಒಳಗೆ ಹತ್ತಿ, ಹೊಸಿಲಿಗೆ ಎಡವಿ, ನೀರಿನ ಡ್ರಮ್ಮನ್ನೂ ಸ್ಟವ್ವನ್ನೂ ಗಂಭೀರವಾಗಿ ಪರೀಕ್ಷಿಸಿದರು. "ರುದ್ರಪ್ಪನೋರೇ, ನಮ್ಮ ಮನೇಲಿ ನೀರು ಸೋಸದೆ ಕುಡಿಯಲ್ಲ, ಸೂರ್ಯ ಮುಳುಗಿದ ಮೇಲೆ ಉಣ್ಣಲ್ಲ. ಯಾತ್ರೆಗೆ ಹೋದ್ರೆ ಬಸ್ಸಿನೋನು ಸೂರ್ಯ ಮುಳುಗಿದ ಮೇಲೇ ಊಟಕ್ಕೆ ನಿಲ್ಲಿಸ್ತಾನೆ. ನಮ್ಮ ತಾಯಿಯೋರು ಹಸ್ಕೊಂಡೇ ದೇಶ ನೋಡಿದ್ದಾರೆ. ನನಗೂ ಇಂಥದ್ದೊಂದು ಮಾಡ್ಕೊಡಿ" ಎಂದರು.

ಇದನ್ನು ಕೇಳಿ ನನ್ನ ತಲೆ ಇನ್ನೊಂದು ಗೇಣು ಮೇಲಕ್ಕೆ ಹೋಯಿತು. ಗಡ್ಡದವನಿಗೆ ಬೆಂಕಿಪೊಟ್ಟಣ, ಪದ್ಮರಾಜಯ್ಯನವರಿಗೆ ಸೂರ್ಯ, ಗಂಗಮ್ಮನಿಗೆ ಮಡಿ. ಜನ ಮನೆಗಾಡಿ ಬಯಸಲು ಒಬ್ಬೊಬ್ಬರಿಗೆ ಒಂದೊಂದು ಕಾರಣ. ಎಲ್ಲ ಕಾರಣಕ್ಕೂ ಹಲಗೆ ಕೊಯ್ಯುವವನು ನಾನು! ಬೇಲೂರಿನಿಂದ ಮುಂದೆ ಶ್ರವಣಬೆಳಗೊಳ, ಅದರ ಮುಂದಿನ ವರ್ಷ ಸಮುದ್ರ ಎಂದು ದಾರಿಯುದ್ದಕ್ಕೂ ಸ್ಟೀರಿಂಗಿಗೇ ಹೇಳಿಕೊಂಡು ಹೋದೆ. ಗಂಗಮ್ಮ ಹಳೇಬೀಡಿನ ಕಣದಲ್ಲಿ ಬೆಳಿಗ್ಗೆ ರೊಟ್ಟಿ ತಟ್ಟಿ, ಚಟ್ನಿ ರುಬ್ಬಿ, ಪಾತ್ರೆ ತೊಳೆದು, ನೆಲ ಸಾರಿಸಿ ಬಂದಿದ್ದಳು.

ಬೇಲೂರಿನ ದೇವಸ್ಥಾನದಲ್ಲಿ ನಾನು ನೋಡಿದ್ದು ಕಲ್ಲಿಗೆ ಕಲ್ಲು ಕೂತ ಬಗೆ. ಎಲ್ಲಿ ಸೇರಿದೆ ಎಂದು ಉಗುರಿಗೂ ತಿಳಿಯುವುದಿಲ್ಲ. ಗಂಗಮ್ಮ ಮಾತ್ರ ಕತ್ತೆತ್ತಿ ಸೂರಿನ ಕೆಳಗಿನ ಮದನಿಕೆಯರನ್ನು ಒಬ್ಬೊಬ್ಬರಾಗಿ ನೋಡಿದಳು. ಒಬ್ಬಳು ಕನ್ನಡಿ ನೋಡಿಕೊಳ್ಳುತ್ತಿದ್ದಾಳೆ, ಒಬ್ಬಳು ಬೇಟೆಗೆ ಹೊರಟಿದ್ದಾಳೆ, ಒಬ್ಬಳು ಕುಣಿಯುತ್ತಿದ್ದಾಳೆ, ಒಬ್ಬಳ ಕೈಯಲ್ಲಿ ಗಿಣಿ. ಒಂದು ಸುತ್ತು ಮುಗಿಸಿ ಎರಡನೆಯ ಸುತ್ತಿಗೆ ಹೊರಟಳು. ಬಿಸಿಲು ಏರಿತು. ನನ್ನ ಹೊಟ್ಟೆ ಹೊತ್ತು ಹೇಳಿತು.

"ಹೊತ್ತಾಯ್ತು ಕಣೇ, ಅಡಿಗೆ ಆಗ್ಬೇಕಲ್ಲ" ಎಂದೆ.

ಅವಳು ಕತ್ತು ಇಳಿಸದೆಯೇ ಕೇಳಿದಳು: "ರೀ, ಇಷ್ಟೊಂದು ಜನ ಹೆಣ್ಮಕ್ಕಳವ್ರಲ್ಲ ಮ್ಯಾಲೆ, ಒಬ್ಬಳಾದ್ರೂ ಒಲೆ ಮುಂದೆ ಕೂತವಳೇನ್ರೀ?"

ನಾನೂ ನೋಡಿದೆ. ಇರಲಿಲ್ಲ. "ಶಿಲ್ಪಿ ಮರ್ತಿರ್ಬೇಕು" ಎಂದು ನಗಲು ನೋಡಿದೆ.

ಗಾಡಿಯ ಹತ್ತಿರ ಬಂದವಳು ಒಳಗೆ ಹತ್ತಲಿಲ್ಲ. ಚಾಪೆ ಎಳೆದುಕೊಂಡು ಮರದ ನೆರಳಲ್ಲಿ ಹಾಸಿ ಕೂತಳು. "ಊರ ಕಡೆ ತಿರುಗಿಸ್ರಿ ಗಾಡಿ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ನನಗೆ ಭಯವಾಯಿತು.

"ಯಾಕೇ? ಬೆಳಗೊಳ? ಇಷ್ಟೆಲ್ಲ ನಿನಗೋಸ್ಕರ ಮಾಡ್ದೆ. ಮನೇಲಿ ಇದ್ದಂಗೇ ಐತೆ ಅಂತ ನೀನೇ ಹೇಳ್ಲಿಲ್ವಾ?"

"ಹೇಳ್ದೆ. ಮನೇಲಿ ಇದ್ದಂಗೇ ಐತೆ. ಇಪ್ಪತ್ತು ವರ್ಷ ಬೇಯಿಸಿದ ಅಡಿಗೆಮನೆಗೇ ಚಕ್ರ ಕಟ್ಟಿ ನನ್ನ ಹಿಂದೆ ಓಡಿಸ್ಕಂಡು ಬಂದಿದೀರಿ. ಒರಳು ಕಲ್ಲು ಸಮೇತ! ನಿಮಗೆ ಇದು ಪ್ರವಾಸ ಕಣ್ರೀ, ನನಗೆ ಟ್ರಾನ್ಸ್‌ಫರ್ರು."

ಆರು ತಿಂಗಳ ಕೆಲಸ ಒಂದು ಮಾತಿಗೆ ಕಳಚಿ ಬಿತ್ತು. ನನ್ನ ಕೈಕೆಲಸಕ್ಕೆ ಹೆಸರಿಟ್ಟರೆ ಯಾರಾದರೂ ಸರಿ ನಾನು ಬಿಟ್ಟವನಲ್ಲ. ಬಾಯಿ ತೆರೆದೆ. ಅಷ್ಟರಲ್ಲಿ, ಇವಳು ನೆರಳಲ್ಲಿ ಕೂತಿರುವುದು, ನಾನು ಗಾಡಿಯ ಪಕ್ಕ ನಿಂತಿರುವುದು, ಈ ಚಿತ್ರವನ್ನು ಎಲ್ಲೋ ನೋಡಿದ್ದೇನಲ್ಲ ಎನ್ನಿಸಿತು. ಹೊಂಗೆ ಮರ, ನೋಟ್ ಪುಸ್ತಕ, ಪಾತ್ರೆ ಬೆಳಗುತ್ತಾ ಹಾಡುತ್ತಿದ್ದ ಗಡ್ಡದವನು. ಅವನ ವ್ಯಾನಿನ ಪಟ್ಟಿ, ಕಪಾಟು, ಕೀಲು ಎಲ್ಲವನ್ನೂ ಅಳೆದು ತಂದಿದ್ದೆ. ಗಾಡಿ ಓಡುತ್ತಿದ್ದದ್ದು ಯಾವುದರಿಂದಲೋ ಅದೊಂದನ್ನು ಮಾತ್ರ ನಕ್ಕು ಬಿಟ್ಟುಬಂದಿದ್ದೆ.

ಇವತ್ತಿನ ಅಡಿಗೆ ನಾನೇ ಮಾಡುವುದು ಎಂದುಕೊಂಡೆ. ಆದರೆ ನನ್ನ ಕೈಯ ಅಡಿಗೆ ಇವಳು ಉಣ್ಣಬೇಕಾದರೆ ನಾನೂ ಪೂಜೆ ಮಾಡಿರಬೇಕು. ಕೊರಳಲ್ಲಿ ಕರಡಿಗೆ ಇತ್ತು. ಅದನ್ನು ಬಿಚ್ಚಿ ವರ್ಷಗಳಾಗಿದ್ದವು. ಡ್ರಮ್ಮಿನ ನೀರಲ್ಲಿ ಸ್ನಾನ ಮಾಡಿದೆ, ಮರೆತಷ್ಟು ಮರೆತು ನೆನಪಿದ್ದಷ್ಟು ಪೂಜೆ ಮಾಡಿದೆ. ಪಂಚೆ ಎತ್ತಿ ಕಟ್ಟಿಕೊಂಡು ಸ್ಟವ್ವಿನ ಮುಂದೆ ಕೂತೆ. ಮೊದಲ ಪ್ರಶ್ನೆಗೇ ಫೇಲಾದೆ.

"ಬೆಂಕಿಪೊಟ್ಟಣ ಎಲ್ಲೇ?"

"ಉಪ್ಪಿನ ಡಬ್ಬಿ ಹಿಂದೆ" ಎಂದು ಚಾಪೆಯಿಂದ ಉತ್ತರ ಬಂತು.

ಅದನ್ನು ತೆಗೆಯಲು ಎದ್ದೆ. ಕಪಾಟಿನ ಮೂಲೆ ಹಣೆಗೆ ಬಡಿಯಿತು. ಸ್ಟವ್ವು ಹಚ್ಚಿದೆ, ಕಿಟಕಿ ಎದುರಿನ ಗೋಡೆಗಿತ್ತು, ಹೊಗೆ ನೇರ ನನ್ನ ಕಣ್ಣಿಗೇ ಬಂತು. ರವೆ ಹುರಿಯಲು ಸೌಟು ಆಡಿಸಿದರೆ ಮೊಣಕೈ ಒರಳಿಗೆ ತಾಗುತ್ತಿತ್ತು. ನಿಜ ಹೇಳುತ್ತೇನೆ, ಬೇರೆ ಯಾವ ಮೇಸ್ತ್ರಿ ಇಂಥ ಕೆಲಸ ಮಾಡಿದ್ದರೂ ನಾನು ಅವನ ಉಳಿ ಕಿತ್ತುಕೊಂಡು ಮನೆಗೆ ಕಳಿಸುತ್ತಿದ್ದೆ. ಮನೆಯಲ್ಲಿ ಇದ್ದ ಹಾಗೇ ಗೇಣು ಹಾಕಿ ಅಳೆದಿದ್ದೆನಲ್ಲ; ಹಾಗಾದರೆ ಮನೆಯ ಅಡಿಗೆಮನೆಯೂ ಹೀಗೇ ಇತ್ತು! ಅಲ್ಲಿ ನಾನು ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಕೂತಿರಲಿಲ್ಲ, ಅಷ್ಟೇ.

"ಹೊಗೆ ಕಣ್ಣಿಗೆ ಬಂತಾ?" ಎಂದಳು ಹೊರಗಿನಿಂದ.

"ಬಂತು" ಎಂದೆ.

"ಹಂಗೇ ಇರತ್ತೆ."

ಅವಳ ಮಾತು ಮುಗಿಯುವುದರೊಳಗೆ ನಾನು ಸೌಟಿನ ಹಿಡಿಯಿಂದ ಗೋಡೆಯ ಮೇಲೆ ಗುರುತು ಹಾಕಿದ್ದೆ. ಇಲ್ಲಿ ಕೊರೆಯಬೇಕು, ಒಂದೂವರೆ ಗೇಣು ಅಗಲ, ಒಂದು ಗೇಣು ಎತ್ತರ, ಒಂದು ಕಿಟಕಿ. ಇದರಲ್ಲಿ ಒಂದು. ಊರಿಗೆ ಹೋದ ಮೇಲೆ ಮನೆಯಲ್ಲಿ ಒಂದು.

ಉಪ್ಪಿಟ್ಟು ಉಪ್ಪಾಗಿತ್ತು. ಗಂಗಮ್ಮ ಒಂದು ತುತ್ತು ಬಾಯಿಗಿಟ್ಟು, ಕಣ್ಣು ಮುಚ್ಚಿ, ನೀರು ಕುಡಿದು, ಇನ್ನೊಂದು ತುತ್ತು ತೆಗೆದುಕೊಂಡಳು. ನಾನು ಲಾರಿ ಮಾಲೀಕನ ಮುಂದೆ ಬಣ್ಣ ಒಣಗದ ಬಾಡಿ ತೋರಿಸುವವನ ಹಾಗೆ ನಿಂತಿದ್ದೆ.

"ಹೆಂಗೈತೆ?"

"ಮನೇಲಿ ಇದ್ದಂಗಿಲ್ಲ" ಎಂದಳು. ಆಮೇಲೆ, ಎಲೆಯ ಮೇಲಿದ್ದದ್ದನ್ನೆಲ್ಲ ಮುಗಿಸಿ, "ಬೆಳಗೊಳಕ್ಕೆ ಇಲ್ಲಿಂದ ಎಷ್ಟು ದೂರ?" ಎಂದಳು.

ಪಾತ್ರೆ ನಾನೇ ಬೆಳಗಿದೆ. ಹಾಡು ಬರಲಿಲ್ಲ, ಅದಕ್ಕೆ ಇನ್ನೆರಡು ವರ್ಷ ಹಿಡಿಯಿತು. ಒರಳು ಕಲ್ಲನ್ನು ಹಿಂತಿರುಗುವಾಗ ಪದ್ಮರಾಜಯ್ಯನವರ ಕಣದಲ್ಲಿ ಇಳಿಸಿದೆ. ಅವರ ಮನೆಯಲ್ಲಿ ಅದು ಈಗ ಹೂವಿನ ಗಿಡ ಹೊತ್ತಿದೆ. ಅವರ ಗಾಡಿಗೆ ಹೊಸಿಲು ಇಡಲಿಲ್ಲ, ಕಿಟಕಿಯನ್ನು ಮೊದಲು ಇಟ್ಟೆ. ನಾವು ಆಮೇಲೆ ಸಮುದ್ರವನ್ನೂ ನೋಡಿದೆವು. ಬೆಳಿಗ್ಗೆ ಎದ್ದಾಗ ಒಮ್ಮೊಮ್ಮೆ ನನಗೂ ಯಾವ ಊರಿನಲ್ಲಿದ್ದೇವೆ ಎಂದು ತಕ್ಷಣ ಹೊಳೆಯುವುದಿಲ್ಲ. ಗಂಗಮ್ಮ ಇನ್ನೂ ಪೂಜೆಯಲ್ಲಿರುತ್ತಾಳೆ, ಮುಖ ಯಾವ ದಿಕ್ಕಿಗಾದರೂ ಇರಲಿ. ನಾನು ಎದ್ದು, ಸ್ನಾನ ಮಾಡಿ, ಕೈ ಚಾಚುತ್ತೇನೆ. ಉಪ್ಪಿನ ಡಬ್ಬಿಯ ಹಿಂದೆ ಬೆಂಕಿಪೊಟ್ಟಣ ಇರುತ್ತದೆ.